ಹದಿನಾರು ಮನೆಗಳ ಗಂಧ

ಕಳೆದ ಮಳೆಗಾಲದ ಒಂದು ಭಾನುವಾರ, ಪುಣೆಯಲ್ಲಿ ಹೊಸಬರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರವೊಂದರಲ್ಲಿ ನೈಸರ್ಗಿಕ ಸುಗಂಧಗಳನ್ನು ಬೆರೆಸಲು ಕಲಿಯುತ್ತ ಕುಳಿತಿದ್ದೆ. ಮುಂದೆ ಸಣ್ಣ ಸೀಸೆಗಳ ಸಾಲು, ಕಾಗದದ ಪಟ್ಟಿಗಳು, ಮೂಗಿಗೆ ದಣಿವಾದಾಗ ಮೂಸಲು ಒಂದು ಬಟ್ಟಲು ಕಾಫಿ ಬೀಜ. ಮೊದಲು ಹಾರಿಹೋಗುವ ನಿಂಬೆ, ಕಿತ್ತಳೆಗಳು ಮೇಲಿನ ನೋಟ್. ಮಲ್ಲಿಗೆ, ಗುಲಾಬಿಗಳು ನಡುವಿನವು. ಲಾವಂಚ, ಶ್ರೀಗಂಧ, ರಾಳಗಳು ತಳದವು ಎಂದು ಬೋಧಕಿ ವಿವರಿಸಿದರು. ಈ ‘ನೋಟ್’ ಎಂಬ ಮಾತು ಸಂಗೀತದಿಂದ ಬಂದದ್ದು. ಲಂಡನ್ನಿನ ಸೆಪ್ಟಿಮಸ್ ಪೀಸ್ ಎಂಬ ಸುಗಂಧಕಾರ 19ನೆಯ ಶತಮಾನದ ನಡುಭಾಗದಲ್ಲಿ ಪರಿಮಳಗಳನ್ನು ಸ್ವರಶ್ರೇಣಿಯಂತೆ ಜೋಡಿಸಿ ತೋರಿಸಿದ್ದ. ಯಾವುದು ಎಷ್ಟು ಹನಿ ಎಂದು ಕೇಳಿದೆ. ಅದಕ್ಕೆ ಲೆಕ್ಕವಿಲ್ಲ, ಮೂಗು ಕಲಿಯಬೇಕು ಎಂದರು.

ಮಾತು ಸರಿಯೇ. ಆದರೆ ಲೆಕ್ಕವನ್ನೇ ಕೊಟ್ಟ ಒಬ್ಬನಿದ್ದ ಎಂಬುದು ನೆನಪಾಗಿ ಆ ದಿನ ನನ್ನ ಮನಸ್ಸು ಸೀಸೆಗಳ ಮೇಲೆ ನಿಲ್ಲಲಿಲ್ಲ.

6ನೆಯ ಶತಮಾನದ ವರಾಹಮಿಹಿರನನ್ನು ನಾವು ಜ್ಯೋತಿಷಿಯೆಂದೇ ಬಲ್ಲೆವು. ಅವನ ‘ಬೃಹತ್ಸಂಹಿತೆ’ಯಲ್ಲಿ ‘ಗಂಧಯುಕ್ತಿ’ ಎಂಬ ಅಧ್ಯಾಯವಿದೆ. ಅದು ಆರಂಭವಾಗುವುದು ಗಂಧದಿಂದಲ್ಲ, ಕೂದಲಿಗೆ ಬಣ್ಣ ಹಚ್ಚುವ ಕ್ರಮದಿಂದ! ತಲೆ ನರೆತವನಿಗೆ ಹೂವು, ಗಂಧ, ಒಡವೆಗಳು ಒಪ್ಪುವುದಿಲ್ಲವಾದ್ದರಿಂದ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕೆಂಬುದು ಅವನ ತರ್ಕ. ನನ್ನ ವಯಸ್ಸಿನವರು ಇದನ್ನು ಓದಿ ಮುಗುಳ್ನಗದೆ ಮುಂದೆ ಹೋಗಲಾರರು.

ಮುಂದೆ ಬರುವುದು ‘ಕಚ್ಛಪುಟ’, ಅಂದರೆ ಹದಿನಾರು ಮನೆಗಳ ಚೌಕ. ಮೊದಲ ಸಾಲಿನಲ್ಲಿ ಅಗರು 2 ಭಾಗ, ಪತ್ರೆ 3, ತುರುಷ್ಕ 5, ಶೈಲೇಯ 8. ಎರಡನೆಯದರಲ್ಲಿ ಪ್ರಿಯಂಗು 5, ಮುಸ್ತಾ 8, ರಸ 2, ಕೇಶ 3. ಮೂರನೆಯದರಲ್ಲಿ ಸ್ಪೃಕ್ಕಾ 4, ತ್ವಕ್ 1, ತಗರ 7, ಮಾಂಸಿ 6. ಕೊನೆಯದರಲ್ಲಿ ಶ್ರೀಗಂಧ 7, ನಖ 6, ಶ್ರೀಕ 4, ಕುಂದುರುಕ 1. ಅಡ್ಡಸಾಲು, ಉದ್ದಸಾಲು, ಮೂಲೆಯಿಂದ ಮೂಲೆಗೆ, ನಾಲ್ಕು ಮೂಲೆಗಳ ಮನೆಗಳು, ನಡುವಿನ ನಾಲ್ಕು ಮನೆಗಳು: ಯಾವುದನ್ನು ಕೂಡಿದರೂ 18. ಎಲ್ಲಿಂದ ನಾಲ್ಕನ್ನು ಆರಿಸಿದರೂ ಒಂದು ಗಂಧ ಸಿದ್ಧವಾಗುತ್ತದೆ. ಇದನ್ನು ಗಣಿತದ ಇತಿಹಾಸಕಾರರು ಮಾಯಾಚೌಕವೆಂದು ಗುರುತಿಸಿ ಕೊಂಡಾಡಿದ್ದಾರೆ; ಅಂಗಡಿಯವನ ಪೆಟ್ಟಿಗೆಯೆಂದು ನೋಡಿದವರು ಕಡಿಮೆ. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೂಗು ಪಳಗುವವರೆಗೆ ಕೈತಪ್ಪದಂತೆ ಕಾಯುವ ಉಪಾಯವಿದು.

ಅದೇ ಅಧ್ಯಾಯದಲ್ಲಿ, ಹದಿನಾರು ದ್ರವ್ಯಗಳಲ್ಲಿ ನಾಲ್ಕನ್ನು ಆರಿಸುವ ವಿಧಗಳು 1820 ಎಂದೂ ಅವನು ಹೇಳುತ್ತಾನೆ. ಪ್ರತಿ ಆಯ್ಕೆಯಲ್ಲಿ ನಾಲ್ಕು ದ್ರವ್ಯಗಳಿಗೆ ಒಂದು, ಎರಡು, ಮೂರು, ನಾಲ್ಕು ಭಾಗಗಳನ್ನು ಅದಲುಬದಲಾಗಿ ಹಂಚಿದರೆ 24 ಬಗೆ. ಗುಣಿಸಿ ನೋಡಿದರೆ 43,680 ಗಂಧಗಳು. ಒಂದು ಜನ್ಮದಲ್ಲಿ ಮೂಸಿ ಮುಗಿಸಲಾಗದಷ್ಟು.

ಅಧ್ಯಾಯದ ಇನ್ನೊಂದು ಯೋಗ ಇದಕ್ಕಿಂತಲೂ ಸೋಜಿಗದ್ದು. ಮಂಜಿಷ್ಠ, ವ್ಯಾಘ್ರನಖ, ಶುಕ್ತಿ, ದಾಲ್ಚಿನ್ನಿ, ಕುಷ್ಠ, ರಸ, ಇವುಗಳ ಪುಡಿಯನ್ನು ಎಣ್ಣೆಗೆ ಬೆರೆಸಿ ಬಿಸಿಲಿನಲ್ಲಿ ಕಾಯಿಸಿದರೆ ಎಣ್ಣೆ ಸಂಪಿಗೆಯ ಪರಿಮಳ ಪಡೆಯುತ್ತದೆ ಎನ್ನುತ್ತಾನೆ. ಪಟ್ಟಿಯಲ್ಲಿ ಸಂಪಿಗೆಯೇ ಇಲ್ಲ! ಹೂವಿಲ್ಲದೆ ಹೂವನ್ನು ಕಟ್ಟುವ ಈ ಕಲೆಯನ್ನು ಕಾರ್ಯಾಗಾರದಲ್ಲಿ ‘ಅಕಾರ್ಡ್’ ಎಂದು ಕರೆದರು, ಫ್ರೆಂಚರ ಮಾತೆಂದರು.

ಈ ವಿದ್ಯೆ ಉಜ್ಜಯಿನಿಯಲ್ಲೇ ಉಳಿಯಲಿಲ್ಲ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ಚಾವುಂಡರಾಯನು 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಅಂತರ್ಜಲ, ವೃಕ್ಷಾಯುರ್ವೇದ, ವಿಷವೈದ್ಯಗಳ ಜೊತೆಗೆ ಸುಗಂಧಕ್ಕೂ ಸ್ಥಾನವಿದೆ. ಶ್ರವಣಬೆಳಗೊಳದ ಚಾವುಂಡರಾಯನೊಂದಿಗೆ ಇವನನ್ನು ಬೆರೆಸಿಬಿಡುವವರು ಈಗಲೂ ಇದ್ದಾರೆ. ಸಂಸ್ಕೃತ ಬಾರದ ಗೃಹಸ್ಥನಿಗೂ ಈ ವಿದ್ಯೆ ಬೇಕೆಂದು ಒಬ್ಬ ಕನ್ನಡ ಕವಿಗೆ ತೋರಿದ್ದು ಸಣ್ಣ ಸಂಗತಿಯಲ್ಲ. ಗ್ರಂಥ ಅಚ್ಚಾದದ್ದು 1950ರಲ್ಲಿ, ಮದರಾಸಿನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಿಂದ. ಅನಂತರ ನೂರು ವರ್ಷಗಳಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ವಿಲೇಪನ, ಧೂಪ, ತಾಂಬೂಲಗಳನ್ನು ರಾಜಭೋಗಗಳಾಗಿ ವರ್ಣಿಸಿದ. ಅಲ್ಲಿ ಅರಮನೆಯ ಸೊಗಸಿದೆ. ನನ್ನ ಒಲವು ಚಾವುಂಡರಾಯನ ಕಡೆಗೆ.

ಪುಣೆಗೂ ಈ ಕಥೆಯಲ್ಲಿ ಪಾಲಿದೆ. ಕಾರ್ಯಾಗಾರದ ಸ್ಥಳದಿಂದ ತುಸು ದೂರದಲ್ಲೇ ಇರುವ ಭಂಡಾರಕರ ಸಂಸ್ಥೆಯಲ್ಲಿ ದಶಕಗಳ ಕಾಲ ಹಸ್ತಪ್ರತಿಗಳನ್ನು ಕಾದ ಪಿ. ಕೆ. ಗೋಡೆಯವರು 1940ರ ದಶಕದಲ್ಲಿ ಗಂಗಾಧರನ ‘ಗಂಧಸಾರ’ವನ್ನೂ ಮರಾಠಿ ಟೀಕೆಯುಳ್ಳ ‘ಗಂಧವಾದ’ವನ್ನೂ ವಿದ್ವತ್ ಲೋಕಕ್ಕೆ ಪರಿಚಯಿಸಿದರು. ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ ಎಂಬ ಆರು ಕ್ರಿಯೆಗಳನ್ನು ಗಂಗಾಧರ ಹೆಸರಿಸುತ್ತಾನೆ. ಪುಡಿಗೆ ರಸ ಕುಡಿಸುವುದು, ಬೇಯಿಸುವುದು, ಹೊಗೆಯೂಡುವುದು, ಹೂವಿನೊಡನೆ ಮುಚ್ಚಿಡುವುದು: ಹನಿ ಎಣಿಸುವುದಕ್ಕಿಂತ ಇದು ಅಡುಗೆಮನೆಗೆ ಹತ್ತಿರವಾದ ಕೆಲಸ.

ಹಾಗಾದರೆ ಮಾಡಿಯೇ ನೋಡೋಣವೆಂದು ಕಾಷ್ಠೌಷಧಿಯ ಅಂಗಡಿಗೆ, ಅಂದರೆ ನಮ್ಮ ಗ್ರಂಥಿಗೆ ಅಂಗಡಿಗೆ, ಹೋದೆ. ತೊಡಕು ಶುರುವಾದದ್ದು ಅಲ್ಲಿ. ಸ್ಪೃಕ್ಕಾ ಯಾವ ಗಿಡವೆಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ತುರುಷ್ಕವನ್ನು ಕೆಲವರು ಶಿಲಾರಸವೆಂದರೆ ಕೆಲವರು ಧೂಪದ ಅಂಟೆನ್ನುತ್ತಾರೆ. ನಖವೆಂದರೆ ಕಡಲ ಶಂಖದ ಹುಳು ತನ್ನ ಬಾಯಿ ಮುಚ್ಚಿಕೊಳ್ಳುವ ಚಿಪ್ಪು. ಹಿಮಾಲಯದ ಕುಷ್ಠದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದ ತಡೆದಿದೆ. ಮೈಗೆ ಹಚ್ಚುವ ಸುಗಂಧಗಳಲ್ಲಿ ಅದರ ಎಣ್ಣೆಯನ್ನು, ಚರ್ಮಕ್ಕೆ ಅಲರ್ಜಿಯೆಂದು, ಸುಗಂಧೋದ್ಯಮವೇ ನಿಷೇಧಿಸಿಕೊಂಡಿದೆ. ವರಾಹಮಿಹಿರನ ಸಂಪಿಗೆ ಹೇಗಿತ್ತೆಂದು ನಾನು ಇನ್ನು ಮೂಸಲಾರೆ.

ಆದರೆ ಚೌಕದ ಒಂದು ಕರ್ಣ ಪೂರ್ತಿ ಕೈಗೆಟುಕುವಂತಿತ್ತು: ಶೈಲೇಯ 8, ರಸ 2, ತ್ವಕ್ 1, ಶ್ರೀಗಂಧ 7. ರಸವೆಂದರೆ ಬೋಳ, ತ್ವಕ್ಕೆಂದರೆ ದಾಲ್ಚಿನ್ನಿ. ಶೈಲೇಯವೆಂದರೆ ಕಲ್ಲುಹೂವು, ಪುಣೆಯವರ ‘ದಗಡಫೂಲ್’. ಇಲ್ಲಿನ ಗೋಡಾ ಮಸಾಲೆ ಅದಿಲ್ಲದೆ ಆಗದು. ಶ್ರೀಗಂಧವೇ ದುಬಾರಿ. ಟಿಪ್ಪು ಅದನ್ನು 1792ರಲ್ಲಿ ರಾಜವೃಕ್ಷವೆಂದು ಸಾರಿದ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಮರದ ದಾರಿ ಕಟ್ಟಿದಾಗ ಮೈಸೂರು ಸರ್ಕಾರ ತಾನೇ ಎಣ್ಣೆ ಇಳಿಸತೊಡಗಿತು. ಇಂದು ಪೂಜೆಗೆಂದು ಊರಿನಿಂದ ತಂದ ಕೊರಡೊಂದನ್ನು ನಮ್ಮ ಮನೆಯಲ್ಲಿ ಸಾಣೆಯ ಮೇಲೆ ಲೆಕ್ಕವಿಟ್ಟು ತೇಯುತ್ತೇವೆ. ಅದರಿಂದಲೇ ಅರದಲ್ಲಿ ಉಜ್ಜಿ 7 ಗ್ರಾಂ ಪುಡಿ ತೆಗೆದೆ.

ಹದಿನೆಂಟು ಗ್ರಾಂ ಪುಡಿಯನ್ನು ಪಿಂಗಾಣಿ ಭರಣಿಯಲ್ಲಿ ಮುಚ್ಚಿಟ್ಟೆ. ಮರುದಿನ ತೆರೆದಾಗ ಬಂದದ್ದು ಮಸಾಲೆ ಡಬ್ಬಿಯ ವಾಸನೆ, ಮನೆಯವರು ನಕ್ಕರು. ವಾರದ ಮೇಲೆ ದಾಲ್ಚಿನ್ನಿ ತಗ್ಗಿ, ಕಲ್ಲುಹೂವಿನ ಮಳೆಗಾಲದ ತೊಗಟೆಯಂಥ ಕಂಪು ಕೆಳಗೆ ಕುಳಿತು, ಶ್ರೀಗಂಧ ಮೆಲ್ಲಗೆ ಮೇಲೆದ್ದಿತ್ತು. ಬೋಳದ ಕಹಿ ಮಾತ್ರ ಇನ್ನೂ ಒಂದಿಷ್ಟು ಹೆಚ್ಚೆನಿಸುತ್ತದೆ. ಎರಡು ಭಾಗ ಅಳೆದದ್ದರಲ್ಲಿ ನನ್ನ ತಕ್ಕಡಿಯೇ ತಪ್ಪಿತೋ ಏನೋ, ಮುಂದಿನ ಭಾನುವಾರ ಮತ್ತೆ ತೂಗಬೇಕು.