ಒಂದು ಬಟ್ಟಲಿನ ನಾಲ್ಕು ಹೆಸರು

ಒಂದು ನಾಡಿನ ಚರಿತ್ರೆಯನ್ನು ಅದರ ಶಾಸನಗಳಲ್ಲಿ ಓದುವಂತೆ ಅದರ ಅಡುಗೆಮನೆಯಲ್ಲಿಯೂ ಓದಬಹುದು. ಶಾಸನವನ್ನು ಬರೆಯಿಸಿದವನು ತನಗೆ ಒಪ್ಪುವುದನ್ನಷ್ಟೇ ಬರೆಯಿಸುತ್ತಾನೆ. ಅಡುಗೆಗೆ ಅಂಥ ದಾಕ್ಷಿಣ್ಯವಿಲ್ಲ. ಜಪಾನೀಯರು ಇಂದು ತಮ್ಮದೆಂದು ಅಭಿಮಾನದಿಂದ ಹೇಳಿಕೊಳ್ಳುವ ‘ರಾಮೆನ್’ ಎಂಬ ತಿನಿಸು ಇದಕ್ಕೊಂದು ನಿದರ್ಶನ.

ಕ್ಷಾರ ಬೆರೆತ ನೀರಿನಲ್ಲಿ ಗೋಧಿಹಿಟ್ಟನ್ನು ನಾದಿ ಮಾಡಿದ ಶಾವಿಗೆ. ಹಂದಿಯ ಅಥವಾ ಕೋಳಿಯ ಎಲುಬುಗಳನ್ನು ಬಹಳ ಹೊತ್ತು ಕುದಿಸಿದ ಸಾರು. ಮೇಲೆ ಮಾಂಸದ ಹೋಳು, ಹೆಚ್ಚಿದ ಈರುಳ್ಳಿಸೊಪ್ಪು. ರಾಮೆನ್ ಎಂದರೆ ಇಷ್ಟೆ. ಶಾವಿಗೆಯ ಹಳದಿ ಬಣ್ಣ, ಕಚ್ಚಿದರೆ ಪುಟಿಯುವ ಗುಣ, ಎರಡೂ ಆ ಕ್ಷಾರದಿಂದ ಬಂದವು. ಕೆಲವು ವರ್ಷಗಳ ಹಿಂದೆ ಟೋಕಿಯೋದಲ್ಲಿ ಗೆಳೆಯರೊಡನೆ ಇಂಥದೊಂದು ಅಂಗಡಿಗೆ ಹೋಗಿದ್ದೆ. ಅಡುಗೆಯವನ ಎದುರಿಗೆ ಉದ್ದನೆಯ ಹಲಗೆ. ಭುಜಕ್ಕೆ ಭುಜ ತಾಗಿಸಿ ಕುಳಿತ ಜನ. ಶಾವಿಗೆ ಮೆತ್ತಗಾಗುವ ಮೊದಲೇ ತಿನ್ನಬೇಕಾದುದರಿಂದ ಅಲ್ಲಿ ಹರಟೆಗೆ ಎಡೆಯಿಲ್ಲ. ಸೊರ್ರೆಂದು ಹೀರುವ ಸದ್ದೊಂದೇ. ನಮ್ಮಲ್ಲಿ ಅಸಭ್ಯವೆನಿಸುವ ಆ ಸದ್ದಿಗೆ ಅಲ್ಲಿ ಯಾರ ಆಕ್ಷೇಪವೂ ಇಲ್ಲ. ಹೊರಗೆ ಬಂದ ಮೇಲೆ ಮಿತ್ರರೊಬ್ಬರು ಕೇಳಿದರು: “ಇದು ಜಪಾನಿನದೋ, ಚೀನಾದ್ದೋ?” ಪ್ರಶ್ನೆ ಚಿಕ್ಕದು, ಅದಕ್ಕೆ ಉತ್ತರ ಹೇಳಲು ಆ ತಿನಿಸು ಹೊತ್ತ ನಾಲ್ಕು ಹೆಸರುಗಳ ಕಥೆಯನ್ನೇ ಹೇಳಬೇಕು.

ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ್ದನು. ಅಂದಿನಿಂದ ಬಹುಕಾಲ ಜಪಾನಿನಲ್ಲಿ ಮಾಂಸಭೋಜನಕ್ಕೆ ಮನ್ನಣೆಯಿರಲಿಲ್ಲ. 1859ರಲ್ಲಿ ಯೊಕೊಹಾಮಾ ಬಂದರು ವಿದೇಶೀಯರಿಗೆ ತೆರೆಯಿತು. 1872ರಲ್ಲಿ ಮೆಯಿಜಿ ಚಕ್ರವರ್ತಿ ಗೋಮಾಂಸ ಸೇವಿಸಿದ ಸುದ್ದಿ ಪ್ರಕಟವಾಯಿತು. ಬಂದರಿನ ಬಳಿ ನೆಲೆಸಿದ ಚೀನೀಯರ ಬೀದಿಗೆ ಜನ ‘ನಾಂಕಿನ್ ಕೇರಿ’ ಎಂದರು. ಅಲ್ಲಿಯ ಶಾವಿಗೆ ‘ನಾಂಕಿನ್ ಸೋಬಾ’ ಆಯಿತು. ಸೋಬಾ ಎಂಬುದು ಜಪಾನಿನ ಹಳೆಯ ಶಾವಿಗೆಯ ಹೆಸರು. ಅತಿಥಿಯನ್ನು ಅವನ ಊರಿನ ಹೆಸರಿನಿಂದ ಕರೆದಂತೆ ಇದು. ಇದರಲ್ಲಿ ದೋಷವೇನೂ ಇರಲಿಲ್ಲ.

ಎರಡನೆಯ ಹೆಸರು ‘ಶಿನಾ ಸೋಬಾ’. ‘ಶಿನಾ’ ನಮ್ಮ ಸಂಸ್ಕೃತದ ‘ಚೀನ’ ಶಬ್ದವೇ. ಬೌದ್ಧಗ್ರಂಥಗಳ ಚೀನೀ ಅನುವಾದಗಳ ಮೂಲಕ ಜಪಾನಿಗೆ ಹೋದದ್ದು. 1894–95ರ ಯುದ್ಧದಲ್ಲಿ ಜಪಾನು ಚೀನಾವನ್ನು ಸೋಲಿಸಿದ ಬಳಿಕ ಈ ನಿರ್ದೋಷಿ ಶಬ್ದಕ್ಕೆ ತಿರಸ್ಕಾರದ ಕಹಿ ಅಂಟಿಕೊಂಡಿತು. ಆದರೆ ನಾಲಿಗೆಗೆ ತಿನಿಸಿನ ಮೇಲೆ ತಿರಸ್ಕಾರವಿರಲಿಲ್ಲ. 1910ರಲ್ಲಿ ಒಜಾಕಿ ಕಾನ್‌ಇಚಿ ಎಂಬವರು ಯೊಕೊಹಾಮಾದಿಂದ ಚೀನೀ ಅಡುಗೆಯವರನ್ನು ಕರೆತಂದು ಟೋಕಿಯೋದ ಅಸಾಕುಸಾದಲ್ಲಿ ‘ರಾಯ್‌ರಾಯ್‌ಕೆನ್’ ತೆರೆದಾಗ ಜನ ಮುಗಿಬಿದ್ದರು. ಅದೇ ಟೋಕಿಯೋ ಪ್ರಾಂತದಲ್ಲಿ, 1923ರ ಸೆಪ್ಟೆಂಬರಿನ ಮಹಾಭೂಕಂಪದ ತರುವಾಯ ಹಬ್ಬಿದ ಗಾಳಿಮಾತುಗಳ ನಡುವೆ ಸಾವಿರಾರು ಕೊರಿಯನ್ನರು ಕೊಲೆಯಾದರು. ನೂರಾರು ಚೀನೀ ಕೂಲಿಕಾರರೂ ಹತರಾದರು. ಅವರ ನಾಡಿನ ಬಟ್ಟಲು ಬೇಕು, ಅವರು ಬೇಡ: ಈ ವಿಪರೀತವನ್ನು ನೆನೆಯದೆ ರಾಮೆನ್ನಿನ ಚರಿತ್ರೆಯನ್ನು ಹೇಳಲಾಗದು.

1945ರಲ್ಲಿ ಜಪಾನು ಸೋತಿತು. ವಸಾಹತುಗಳಾಗಿದ್ದ ತೈವಾನ್, ಕೊರಿಯಾಗಳಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ವರ್ಷದ ಬೆಳೆಯೂ ಕೈಕೊಟ್ಟಿತು. ಅಮೆರಿಕದ ಗೋಧಿ ಬಂದಿತು. ಕಾಳಸಂತೆಗಳಲ್ಲಿ, ತಳ್ಳುಗಾಡಿಗಳಲ್ಲಿ ಶಾವಿಗೆಯ ಸಾರು ಹಸಿದವರಿಗೆ ಆಧಾರವಾಯಿತು; ಚೀನಾದಿಂದ ಮರಳಿದ ಜಪಾನೀಯರಲ್ಲಿ ಕೆಲವರೂ ಇದನ್ನೇ ಕಸುಬಾಗಿಸಿಕೊಂಡರು. 1946ರಲ್ಲಿ ‘ಶಿನಾ’ ಶಬ್ದವನ್ನು ಬಳಸಬಾರದೆಂದು ವಿದೇಶಾಂಗ ಇಲಾಖೆ ಸೂಚಿಸಿತು. ಕ್ರಮೇಣ ಬಟ್ಟಲಿಗೆ ‘ಚೂಕಾ ಸೋಬಾ’ ಎಂಬ ಸೌಮ್ಯವಾದ ಮೂರನೆಯ ಹೆಸರು ರೂಢಿಯಾಯಿತು.

ನಾಲ್ಕನೆಯದು ‘ರಾಮೆನ್’. ‘ಎಳೆದ ಶಾವಿಗೆ’ ಎಂಬರ್ಥದ ಚೀನೀ ಮಾತಿನಿಂದ ಬಂದದ್ದೆಂಬುದು ಬಹುಜನರ ಅಭಿಪ್ರಾಯ. ಅದನ್ನು ಮನೆಮಾತಾಗಿಸಿದವರು ಮೊಮೊಫುಕು ಆಂಡೋ. ಯುದ್ಧಾನಂತರ ಒಸಾಕಾದ ತಳ್ಳುಗಾಡಿಯೊಂದರ ಮುಂದೆ ಚಳಿಯಲ್ಲಿ ನಿಂತಿದ್ದ ಜನರ ಸಾಲು ಅವರ ಮನಸ್ಸಿನಲ್ಲಿ ಉಳಿದಿತ್ತು. ಶಾವಿಗೆಯನ್ನು ಎಣ್ಣೆಯಲ್ಲಿ ಕರಿದರೆ ಅದರ ನೀರು ಆರಿ ಸೂಕ್ಷ್ಮ ರಂಧ್ರಗಳುಳಿಯುತ್ತವೆ. ಬಿಸಿನೀರು ಹೊಯ್ದೊಡನೆ ಅದು ಮತ್ತೆ ಮೆದುವಾಗುತ್ತದೆ. ಈ ತತ್ತ್ವದಿಂದ ಅವರು 1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಪೊಟ್ಟಣವನ್ನು ಮಾರುಕಟ್ಟೆಗೆ ತಂದರು. 1983ರಲ್ಲಿ ಭಾರತಕ್ಕೆ ಬಂದು ನಮ್ಮ ಮಕ್ಕಳ ಮನಸ್ಸು ಗೆದ್ದ ಮ್ಯಾಗಿಯೂ ಈ ವಂಶದ್ದೇ. ಹೀಗೆ ಜಪಾನಿನ ಹೆಸರನ್ನು ಲೋಕದ ಅಡುಗೆಮನೆಗಳಿಗೆ ಒಯ್ದ ಆಂಡೋ ಹುಟ್ಟಿದ್ದು ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ, ತೈವಾನೀ ಮನೆತನದಲ್ಲಿ. ಅದೂ ರಾಯ್‌ರಾಯ್‌ಕೆನ್ ಬಾಗಿಲು ತೆರೆದ 1910ರಲ್ಲಿಯೇ.

ಆದ್ದರಿಂದ ರಾಮೆನ್ ಜಪಾನಿನದೇ ಎನ್ನುವುದರಲ್ಲಿ ತಪ್ಪಿಲ್ಲ. ಸಪ್ಪೊರೊದಲ್ಲಿ ಸೋಯಾಕಾಳಿನ ಮಿಸೊ ಬೆರೆತ ಸಾರು, ಕ್ಯೂಶೂ ದ್ವೀಪದಲ್ಲಿ ಹಂದಿಯೆಲುಬಿನ ಬಿಳಿಯ ಸಾರು, ಹೀಗೆ ಊರೂರಿಗೆ ಒಂದು ರುಚಿಯನ್ನು ಕೂಡಿಸಿ ಅವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಆದರೆ ಪರರಿಂದ ಬಂದ ರುಚಿಯನ್ನು ಜನ ಒಂದು ತಲೆಮಾರಿನಲ್ಲಿ ಒಪ್ಪಿಬಿಡುತ್ತಾರೆ. ಅದನ್ನು ಹೊತ್ತು ತಂದ ಮನುಷ್ಯನನ್ನು ಒಪ್ಪಲು ಎಷ್ಟೋ ಹೆಚ್ಚು ಕಾಲ ಬೇಕಾಗುತ್ತದೆ. ನಮ್ಮ ಊರುಗಳಲ್ಲಿಯೂ ದೂರದಿಂದ ಬಂದವರು ಅಡುಗೆಯ ಒಲೆಗಳನ್ನು ಹೊತ್ತಿಸಿದ್ದಾರೆ. ಅವರು ಬಡಿಸಿದ್ದನ್ನು ಮೆಚ್ಚಿ ಉಣ್ಣುವ ನಾವು, ಅವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ ಎಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಿಕೊಳ್ಳುವುದು ಒಳ್ಳೆಯದು.