ಪೆಟ್ರೋಲ್ ಪೈಪು ಮತ್ತು ಕಬ್ಬಿನ ಸೀಮೆ

ಹಳೆಯ ಕಾರಿನ ಪೆಟ್ರೋಲ್ ಪೈಪು ಒಂದೇ ಕೊಳವೆಯಲ್ಲ. ಹಿಂದಿನ ಟ್ಯಾಂಕಿನಿಂದ ಕಾರಿನ ತಳದುದ್ದಕ್ಕೂ ಬರುವ ಬೆರಳಿಗಿಂತ ಸಣ್ಣ ಲೋಹದ ನಳಿಗೆ, ಅದನ್ನು ಪಂಪಿಗೂ ಕಾರ್ಬ್ಯುರೇಟರಿಗೂ ಕೂಡಿಸುವ ರಬ್ಬರ್ ತುಂಡುಗಳು, ಅವನ್ನು ಬಿಗಿಹಿಡಿಯುವ ಕ್ಲಿಪ್ಪುಗಳು ಸೇರಿದರೆ ಒಂದು ಲೈನು. ಎಂಜಿನ್ ಅದುರಿದಷ್ಟು ಚಾಸಿ ಅದುರುವುದಿಲ್ಲ. ನಡುವೆ ರಬ್ಬರು ಬಂದದ್ದು ಅದಕ್ಕೆ. ಮೊದಲು ಕೆಡುವುದೂ ಅದೇ.

1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಪಂಪೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದುಬರುತ್ತಿತ್ತು. ಪೆಟ್ರೋಲು ಕಡಿಮೆಯಿದ್ದರೆ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿತ್ತು. 1920ರ ದಶಕದ ಕೊನೆಗೆ ಎಂಜಿನ್ನಿನಿಂದಲೇ ನಡೆಯುವ ಡಯಾಫ್ರಾಮ್ ಪಂಪು ಬಳಕೆಗೆ ಬಂದಿತು. ತಯಾರಕರ ಹೆಸರಿನಿಂದ ನಮ್ಮ ಗ್ಯಾರೇಜುಗಳಲ್ಲಿ ಅದು 'ಎಸಿ ಪಂಪು' ಆಯಿತು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ, ಮುಂಬಯಿಯ ಪ್ರೀಮಿಯರ್ ಪದ್ಮಿನಿಯಲ್ಲಿ ಇಂಥ ಪಂಪುಗಳೇ ಇದ್ದವು.  

ಆ ಕಾಲದ ರಬ್ಬರಿಗೆ ಶತ್ರು ಎಂದರೆ ಬಿಸಿ ಮತ್ತು ಧೂಳು. ಬೇಸಿಗೆಯಲ್ಲಿ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಚಾಲಕರಿಗೆಲ್ಲ ಗೊತ್ತಿದ್ದ ಉಪಾಯ. ವರ್ಷಗಟ್ಟಲೆ ಬಿಸಿ ಉಂಡ ರಬ್ಬರು ಗಟ್ಟಿಯಾಗಿ, ಕ್ಲಿಪ್ಪಿನ ಅಂಚಿನಲ್ಲಿ ಬಿರುಕು ಬಿಡುತ್ತಿತ್ತು. ಬಿರುಕು ಹೊರಗೇ ಕಾಣುತ್ತಿದ್ದುದರಿಂದ ಪತ್ತೆ ಸುಲಭವಾಗಿತ್ತು.

ಈಚಿನ ಶತ್ರು ಒಳಗಿನಿಂದ ಬರುತ್ತದೆ: ಪೆಟ್ರೋಲಿಗೆ ಬೆರೆಸುವ ಇಥೆನಾಲು, ಅದರ ಒಂದು ಮೂಲ ಕಬ್ಬು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬು ಹಬ್ಬಿದ್ದು ಘಟಪ್ರಭೆಯ ನೀರಿನಿಂದ. ಗೋಕಾಕ ತಾಲೂಕಿನ ಧೂಪದಾಳದ ಒಡ್ಡು 1897ರಲ್ಲಿ ಮುಗಿಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು 1977ರಲ್ಲಿ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಗೋಕಾಕ ಸೀಮೆಯ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳದ ಸತೀಶ್ ಶುಗರ್ಸ್ ಇದೇ ಸೀಮೆಯವು. ಕಬ್ಬಿನ ರಸ, ಕಾಕಂಬಿಗಳಿಂದ ತೆಗೆದ ಇಥೆನಾಲನ್ನು ಪೆಟ್ರೋಲಿಗೆ ಬೆರೆಸುವುದು ಹೊಸ ಯೋಚನೆಯೇನಲ್ಲ. 1948ರಲ್ಲೇ ಇಂಡಿಯನ್ ಪವರ್ ಆಲ್ಕೊಹಾಲ್ ಕಾಯ್ದೆ ಬಂದಿತ್ತು. ಅದು 2000ದಲ್ಲಿ ರದ್ದಾಯಿತು. 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5ರ ಮಿಶ್ರಣ ಆರಂಭವಾಯಿತು. 2022ರಲ್ಲಿ ದೇಶದ ಸರಾಸರಿ ಶೇ. 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಶೇ. 20ರ ಪೆಟ್ರೋಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ.

ಕಬ್ಬು ಬೆಳೆಗಾರನಿಗೆ ಇದು ಒಳ್ಳೆಯದೇ. ಹಳೆಯ ಕಾರಿನ ಮಾಲೀಕನಿಗೆ ಹಾಗಲ್ಲ. ಇಥೆನಾಲು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಪೈಪಿನ ಹೊರಮೈ ಸರಿಯಾಗಿ ಕಂಡರೂ ಒಳಪದರ ಚೂರುಚೂರಾಗಿ ಉದುರಿ ಕಾರ್ಬ್ಯುರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇಥೆನಾಲು ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಎಷ್ಟೋ ವರ್ಷಗಳಿಂದ ತಳದಲ್ಲಿ ಅಂಟಿದ್ದ ಜಿಡ್ಡು ಸಡಿಲಗೊಂಡು ಫಿಲ್ಟರು ಕಟ್ಟಿಸುತ್ತದೆ. ಇನ್ನೂ ಹಳೆಯ ಕಾರುಗಳ ಟ್ಯಾಂಕಿನಲ್ಲಿ ಬೆಂಡಿನ ತೇಲು ಇರುತ್ತದೆ. ಅದರ ಮೇಲಿನ ಅರಗಿನ ಲೇಪ ಪೆಟ್ರೋಲಿಗೆ ಜಗ್ಗುವುದಿಲ್ಲ, ಆಲ್ಕೊಹಾಲಿಗೆ ಕರಗುತ್ತದೆ. ಬೆಂಡು ನೆನೆದು ಮುಳುಗಿದಾಗ ಮುಳ್ಳು 'ಖಾಲಿ' ತೋರಿಸುತ್ತದೆ.

ಆದ್ದರಿಂದ ಪೈಪು ಬದಲಿಸುವ ಕೆಲಸದ ರೀತಿಯೂ ಬದಲಾಗಿದೆ. ಒಡೆದ ತುಂಡನ್ನಷ್ಟೇ ಕತ್ತರಿಸಿ ಜೋಡಿಸುವ ಹಳೆಯ ಪದ್ಧತಿ ಈಗ ಸಾಲದು. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ರಬ್ಬರನ್ನೆಲ್ಲ ಒಂದೇ ಸಲ ತೆಗೆಯಬೇಕು. ಹೊಸದಕ್ಕೆ ಇಥೆನಾಲಿಗೆ ಜಗ್ಗದ ಫ್ಲೋರೊಎಲಾಸ್ಟೊಮರ್ ರಬ್ಬರಿನ ಒಳಪದರ ಇರಬೇಕು. ಪಂಪಿನ ಡಯಾಫ್ರಾಮನ್ನೂ ಬದಲಿಸದಿದ್ದರೆ ಕೆಲಸ ಅರ್ಧಕ್ಕೆ ನಿಂತಂತೆ. ಹಲ್ಲಿನ ಪಟ್ಟಿಯ ಕ್ಲಿಪ್ಪು ಮೆತ್ತನೆಯ ಪೈಪನ್ನು ಕಚ್ಚಿ ಸೀಳುವುದರಿಂದ ನುಣುಪು ಅಂಚಿನದೇ ಒಳ್ಳೆಯದು. ತಳದ ಲೋಹದ ನಳಿಗೆ ಸಾಮಾನ್ಯವಾಗಿ ತುಕ್ಕು ಹಿಡಿಯುವುದು ಅದನ್ನು ಹಿಡಿದ ಪಟ್ಟಿಗಳ ಕೆಳಗೆ, ಕೆಸರು ನಿಲ್ಲುವ ಜಾಗದಲ್ಲಿ. ಪಟ್ಟಿ ಬಿಚ್ಚದೆ ಅದು ಕಾಣುವುದಿಲ್ಲ. ಬ್ಯಾಟರಿಯ ವೈರು ಕಳಚಿ, ಟ್ಯಾಂಕು ಬರಿದು ಮಾಡಿಯೇ ಕೆಲಸಕ್ಕೆ ಕೈಹಾಕುತ್ತಾರೆ. ಎಲ್ಲ ಮುಗಿದ ಮೇಲೆ, ಹೆರಾಲ್ಡ್‌ನಂಥ ಕಾರಾದರೆ, ಎಂಜಿನ್ ಚಾಲೂ ಮಾಡುವ ಮುನ್ನ ಪಂಪಿನ ಪಕ್ಕದ ಪುಟ್ಟ ಹಿಡಿಯನ್ನು ಕೈಯಿಂದ ಒತ್ತಿ ಪೆಟ್ರೋಲು ತುಂಬಿಸಿ, ಜೋಡಣೆಗಳು ಒಣಗಿವೆಯೋ ಇಲ್ಲವೋ ಎಂದು ಒಂದೊಂದಾಗಿ ಒರೆಸಿ ನೋಡುತ್ತಾರೆ.