ಬಾಲಸಾಹಿತ್ಯದ ಚಿತ್ರಗಳಲ್ಲಿ ಸ್ವಪ್ನಸೃಷ್ಟಿ

ಕನಸಿನಲ್ಲಿ ಕಂಡಂತೆ ವಿಜಾತೀಯ ವಸ್ತುಗಳನ್ನು ಬೆಸೆದು ತೋರಿಸುವ ಚಿತ್ರಕಲೆಯು ಪಾಶ್ಚಾತ್ಯರಿಂದ ಬಂದುದೆಂಬ ಅಭಿಪ್ರಾಯವು ವಿದ್ವಾಂಸರಲ್ಲಿಯೂ ಬೇರೂರಿದೆ. ಆಂದ್ರೆ ಬ್ರೆತೋನನು ಅತಿವಾಸ್ತವವಾದದ ಘೋಷಣೆಯನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದುದು 1924ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಕಲಕತ್ತೆಯಲ್ಲಿ ಸುಕುಮಾರ ರಾಯರ ‘ಆಬೋಲ್ ತಾಬೋಲ್’ ಹೊರಬಂದಿತ್ತು. ಮಕ್ಕಳಿಗಾಗಿ ಪದ್ಯಗಳನ್ನು ರಚಿಸಿ ಚಿತ್ರಗಳನ್ನೂ ತಾವೇ ಬರೆದ ರಾಯರು ಬಕವನ್ನೂ ಕಚ್ಛಪವನ್ನೂ ಕೂಡಿಸಿ ‘ಬಕಚ್ಛಪ’ವನ್ನು ಸೃಷ್ಟಿಸಿದರು. ಎರಡು ಪದಗಳಿಗೂ ಸಮಾನವಾದ ಕಕಾರದಲ್ಲಿ ಶಬ್ದಗಳು ಬೆಸೆದುಕೊಂಡಿವೆ. ಇದು ವೈಯಾಕರಣರು ಒಪ್ಪದ ಸಂಧಿ, ಬಾಲಕರಂತೂ ಒಪ್ಪಿದ್ದಾರೆ. ಗಂಡಭೇರುಂಡ, ಶರಭ, ನವನಾರೀಕುಂಜರಗಳನ್ನು ಕಂಡ ಕನ್ನಡಿಗರಿಗೂ ಇಂತಹ ಸಂಯೋಗವು ಹೊಸತಲ್ಲ.

ಕನ್ನಡ ಮಕ್ಕಳಿಗೆ ಈ ಲೋಕವನ್ನು ತಿಂಗಳು ತಿಂಗಳೂ ತೋರಿಸಿದುದು ‘ಚಂದಮಾಮ’. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಪತ್ರಿಕೆಯು 1949ರಲ್ಲಿ ಕನ್ನಡಕ್ಕೆ ಬಂದಿತು. ಅದರ ವೇತಾಳಕಥೆಗಳಿಗೆ ಮೂಲಬೀಜವು ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ಅಲ್ಲಿ ತ್ರಿವಿಕ್ರಮಸೇನನು ಶಿಂಶಪಾವೃಕ್ಷದಿಂದ ಶವವನ್ನಿಳಿಸಿ ಹೆಗಲಿಗೇರಿಸುತ್ತಾನೆ. ಒಳಗಿನ ವೇತಾಳನು ಕಥೆ ಹೇಳುತ್ತಾನೆ. ಶ್ಮಶಾನ, ಶವಗಳು ಬೀಭತ್ಸಕ್ಕೆ ಸಲ್ಲುವ ವಿಭಾವಗಳು. ಆದರೂ ಶಂಕರ್ ಎಂದು ಪ್ರಸಿದ್ಧರಾದ ಕೆ. ಸಿ. ಶಿವಶಂಕರನ್ (1924–2020) ಅವರು ಬರೆದ ಚಿತ್ರದಲ್ಲಿ, ಖಡ್ಗಧಾರಿಯಾದ ರಾಜನು ಹೆಗಲ ಹೊರೆಯನ್ನು ಲಕ್ಷಿಸದೆ ನಡೆಯುವ ಗಾಂಭೀರ್ಯದಿಂದ ಜುಗುಪ್ಸೆಯು ಅಡಗಿ ವಿಸ್ಮಯವು ತಲೆದೋರುತ್ತದೆ. ಶಂಕುಕನು ಹೇಳಿದ ಚಿತ್ರತುರಗನ್ಯಾಯವು ಇಲ್ಲಿ ಸ್ಮರಣೀಯ: ಬಾಲಕನಿಗೆ ಉಂಟಾಗುವ ಪ್ರತೀತಿಯು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ.

ಯಶೋಧರನು ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಹೇಳುವ ಚಿತ್ರದ ಷಡಂಗಗಳಲ್ಲಿ ಸಾದೃಶ್ಯವೂ ಒಂದು. ಯಾರೂ ಕಾಣದ ವಸ್ತುವಿಗೆ ಸಾದೃಶ್ಯವೆಲ್ಲಿಯದು? ಇದಕ್ಕೆ ಉತ್ತರವು ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರ ಕುಂಚದಲ್ಲಿ ದೊರೆಯುತ್ತದೆ. ಚಂದಮಾಮದ ಪ್ರಧಾನ ಚಿತ್ರಕಾರರಾಗಿದ್ದು, ಬಳಿಕ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದ ಆಚಾರ್ಯರು ಪತ್ರಿಕೆಯ ಹೊದಿಕೆಗಳ ಮೇಲೆ ಮಹಾಭಾರತವನ್ನು ಚಿತ್ರಿಸಿದರು. ಅಂಗಸೌಷ್ಠವ, ನೆಳಲುಬೆಳಕು, ಉಡುಗೆತೊಡುಗೆಗಳಲ್ಲಿ ಅವರು ಪ್ರಮಾಣವನ್ನು ಬಿಡುವುದಿಲ್ಲ. ಆದುದರಿಂದಲೇ ಅಸಂಭವವಾದುದೂ ಕಣ್ಣಿಗೆ ಸಂಭವವೆನಿಸುತ್ತದೆ. ಅಳತೆಗೆಟ್ಟ ವಿಕಾರವನ್ನೇ ಅದ್ಭುತವೆಂದು ಭ್ರಮಿಸುವ ಚಿತ್ರಕಾರರಿಗೆ ಈ ರಹಸ್ಯವು ತಿಳಿಯದು.

ಬೆಂಗಳೂರಿನ ಬಾಲಕರಿಗೆ ಭಾರತವು ಬರಿಯ ಕಾಗದದ ಮೇಲಿನದೂ ಅಲ್ಲ. ಚೈತ್ರಪೂರ್ಣಿಮೆಯ ರಾತ್ರಿ ಸ್ತ್ರೀವೇಷದ ಅರ್ಚಕರ ಶಿರದ ಮೇಲೆ ದ್ರೌಪದಿಯ ಹೂವಿನ ಕರಗವು ಹೊರಟು, ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬರುತ್ತದೆ. ನಿದ್ರೆಗಣ್ಣಿನಲ್ಲಿ ಅದನ್ನು ನೋಡಿದ ಮಗುವಿಗೆ ಹೊದಿಕೆಯ ಚಿತ್ರವು ಪರಕೀಯವೆನಿಸಲು ಕಾರಣವಿಲ್ಲ.

ಸಾಹಿತ್ಯಚರಿತ್ರೆಗಳಲ್ಲಿ ಕಥೆಗಾರನಿಗೆ ದೊರೆಯುವ ಸ್ಥಾನವು ಚಿತ್ರಕಾರನಿಗೆ ವಿರಳ. ಸಂಚಿಕೆಗಳನ್ನು ಸೇರಿಸಿ ಸಂಪುಟ ಕಟ್ಟುವಾಗ ಹೊದಿಕೆಗಳನ್ನು ಕಿತ್ತುಹಾಕುವ ವಾಡಿಕೆಯು ಗ್ರಂಥಾಲಯಗಳಲ್ಲಿ ಉಂಟು. ಆಚಾರ್ಯರ ಭಾರತವಿರುವುದು ಆ ಹೊದಿಕೆಗಳ ಮೇಲೆಯೇ.